ಇಳಿಸಿದ ಶಟರ್ ಎಂದರೆ ಕೀ ತುಂಬಿದ ಸ್ಪ್ರಿಂಗ್

ಕಳೆದ ವಾರ ತುಮಕೂರಿನ ಮಂಡಿಪೇಟೆಯಿಂದ ಫೋನು ಬಂತು. "ಅಣ್ಣಾ, ಶಟರಿನ ಒಂದು ಸ್ಪ್ರಿಂಗ್ ತುಂಡಾಗಿದೆ. ಶಟರನ್ನು ಪೂರ್ತಿ ಇಳಿಸಿದ್ದೇವೆ, ಭಾರವೆಲ್ಲ ನೆಲದ ಮೇಲಿದೆ. ನೀವು ಬರುವಷ್ಟರಲ್ಲಿ ಮೇಲಿನ ಬೋಲ್ಟ್ ಬಿಚ್ಚಿಟ್ಟಿರುತ್ತೇವೆ." ಏಣಿಯಿಂದ ಇಳಿಯಿರಿ ಎಂದು ಕೂಗಿಯೇ ಹೇಳಬೇಕಾಯಿತು. ಇಷ್ಟು ವರ್ಷಗಳಲ್ಲಿ ಈ ಒಂದು ಮಾತನ್ನು ಎಷ್ಟು ಅಂಗಡಿಗಳಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ.

ಸ್ಪ್ರಿಂಗ್ ಅತಿ ಹೆಚ್ಚು ಬಿಗಿದಿರುವುದು ಶಟರ್ ಕೆಳಗಿದ್ದಾಗಲೇ. ಎಳೆದು ಇಳಿಸುವಾಗ ಶಟರಿನ ತೂಕವೇ ಅದು ಸುತ್ತಿಕೊಳ್ಳುವ ಮೇಲಿನ ಡ್ರಮ್ಮನ್ನು ತಿರುಗಿಸಿ ಸ್ಪ್ರಿಂಗಿಗೆ ಕೀ ಕೊಡುತ್ತದೆ. ಬೆಳಿಗ್ಗೆ ನೀವು ಒಂದೇ ಕೈಯಲ್ಲಿ ಎತ್ತಲು ಸಾಧ್ಯವಾಗುವುದು ರಾತ್ರಿ ತುಂಬಿಟ್ಟ ಆ ಕೀಯಿಂದ. ನಮ್ಮೂರಿನಲ್ಲೇ ಎಚ್‌ಎಂಟಿ ವಾಚುಗಳು ತಯಾರಾಗುತ್ತಿದ್ದವು. ದಿನಾ ಬೆಳಿಗ್ಗೆ ಅವಕ್ಕೆ ಕೀ ಕೊಟ್ಟವರು ಇನ್ನೂ ಇದ್ದಾರೆ. ವಾಚು ರಿಪೇರಿಯವರು ಮೊದಲು ಕೀ ಇಳಿಸಿ, ಆಮೇಲೆ ತಾನೇ ಸ್ಪ್ರಿಂಗ್ ಮುಟ್ಟುವುದು?

ಎಂಟು ಅಡಿ ಎತ್ತರದ, 70 ಕಿಲೋ ತೂಗುವ ಶಟರ್ ಎಂದು ಇಟ್ಟುಕೊಳ್ಳಿ. ಅದರ ತೂಕ ಸರಾಸರಿ ನಾಲ್ಕು ಅಡಿ ಕೆಳಗಿಳಿದಿದೆ. ಘರ್ಷಣೆಯಲ್ಲಿ ಕಳೆಯುವುದನ್ನು ಬಿಟ್ಟರೆ ಸುಮಾರು 800 ಜೂಲ್ ಶಕ್ತಿ ಸ್ಪ್ರಿಂಗಿಗೆ ಸೇರಿದೆ. 50 ಕಿಲೋ ಸಿಮೆಂಟ್ ಮೂಟೆ ಐದೂವರೆ ಅಡಿ ಮೇಲಿಂದ ಬಿದ್ದರೆ ಎಷ್ಟು ಹೊಡೆತವೋ ಅಷ್ಟು. ಮೇಲಿದ್ದಾಗ ಎರಡು ಸುತ್ತು ಬಿಗಿ, ಇಳಿದಾಗ ಇನ್ನಾರು ಸೇರಿ ಎಂಟು ಎಂದಾದರೆ, ಶಕ್ತಿ ನಾಲ್ಕು ಪಟ್ಟು ಎನ್ನುತ್ತಾರೆ. ಅಲ್ಲ, ಹದಿನಾರು ಪಟ್ಟು. ಬಿಗಿದಷ್ಟೂ ಸ್ಪ್ರಿಂಗಿನ ಎಳೆತ ಹೆಚ್ಚುತ್ತದೆ ಎಂದು ರಾಬರ್ಟ್ ಹುಕ್ 1678ರಲ್ಲೇ ಬರೆದಿದ್ದಾನೆ. ಎಂಟನೆಯ ಸುತ್ತಿಗೆ ಬೇಕಾದ ಬಲ ಮೊದಲ ಸುತ್ತಿಗೆ ಬೇಕಾಗುವುದಿಲ್ಲ. ಆದ್ದರಿಂದ ಶಕ್ತಿ ಏರುವುದು ಸುತ್ತುಗಳ ವರ್ಗದ ಲೆಕ್ಕದಲ್ಲಿ.

ಇಷ್ಟನ್ನೂ ತಡೆದು ನಿಲ್ಲಿಸಿರುವುದು ಎರಡು ಬದಿಯ ಬ್ರಾಕೆಟ್ಟಿನಲ್ಲಿ, ಸ್ಪ್ರಿಂಗುಗಳ ನಡುವೆ ಹಾದುಹೋಗುವ ಪೈಪನ್ನು ಹಿಡಿದಿರುವ ಕ್ಲ್ಯಾಂಪು. ನೀವು ಬಿಚ್ಚಲು ಹೊರಟದ್ದು ಅದನ್ನೇ. ಒಂದು ಸ್ಪ್ರಿಂಗ್ ತುಂಡಾಗಿದ್ದರೂ ಉಳಿದವು ಬಿಗಿದೇ ಇರುತ್ತವೆ.

ಶಿರಾ ಗೇಟ್ ಕಡೆಯ ಅಂಗಡಿಯೊಂದರಲ್ಲಿ ಇಪ್ಪತ್ತರ ಹುಡುಗನೊಬ್ಬ ಪೈಪಿಗೆ ಪೈಪ್ ರೆಂಚ್ ಹಾಕಿ ಕ್ಲ್ಯಾಂಪ್ ಸಡಿಲಿಸಿದ್ದ. ಪೈಪು ಗಿರ್ರನೆ ತಿರುಗಿತು, ರೆಂಚು ಅವನ ಮುಂಗೈಗೆ ಬಡಿದು ಮೂಳೆ ಮುರಿಯಿತು. ನಾನು ಹೋಗುವ ಹೊತ್ತಿಗೆ ಅವನ ತಾಯಿ ಅಂಗಡಿ ಮೆಟ್ಟಿಲ ಮೇಲೆ ಅಳುತ್ತಾ ಕೂತಿದ್ದರು. ಕೆಲಸ ಕಲಿಯುವ ಆಸೆಯಿದ್ದ ಒಳ್ಳೆಯ ಹುಡುಗ. ಅಲ್ಲಿ ಅವನಿಗೆ ಒಂದು ಮಾತು ಹೇಳುವವರು ಯಾರೂ ಇರಲಿಲ್ಲ.

ಹಾಗೆಂದು ಶಟರ್ ಮೇಲೆತ್ತಿದರೆ ಎಲ್ಲ ಕ್ಷೇಮ ಎಂದೂ ನಾನು ಹೇಳುವುದಿಲ್ಲ. ಮೊದಲೇ ಕೊಟ್ಟ ಬಿಗಿ ಉಳಿದಿರುತ್ತದೆ, 70 ಕಿಲೋ ತಲೆಯ ಮೇಲಿರುತ್ತದೆ. ಒಂದೊಂದು ಶಟರಿನ ಜೋಡಣೆಯೂ ಬೇರೆ. ಕಣ್ಣಾರೆ ನೋಡದೆ ಫೋನಿನಲ್ಲಿ ನಾನು ಯಾರಿಗೂ ವಿಧಾನ ಹೇಳಿಕೊಡುವುದಿಲ್ಲ. ಶಟರ್ ಭಾರವಾಯಿತು, ಇನ್ನೆರಡು ಸುತ್ತು ಬಿಗಿದುಬಿಡಿ ಎನ್ನುವವರು ಮೊದಲು ಶಟರ್ ಜಾರುವ ಪಕ್ಕದ ಚಾನೆಲ್ ಬಗ್ಗಿದೆಯೇ ನೋಡಲಿ.

ಮಂಡಿಪೇಟೆಗೆ ಹೋದಾಗ ಎಡಬದಿಯ ಬೋಲ್ಟ್ ಆಗಲೇ ಎರಡು ಸುತ್ತು ಸಡಿಲವಾಗಿತ್ತು. ಮೊದಲು ಅದನ್ನು ಬಿಗಿದೆ. ನಾಲ್ಕು ಜನ ಸೇರಿ ಶಟರ್ ಎತ್ತಿ, ಆಧಾರ ಕೊಟ್ಟು, ಸುತ್ತು ಸುತ್ತಾಗಿ ಕೀ ಇಳಿಸಿದೆವು.