ಉತಾರದಲ್ಲಿ ಹೆಸರಿಲ್ಲ, ಮಾಸ್ಟರ್ ಪ್ಲಾನ್‌ಗೆ ತಕರಾರು ಕೊಡಬಹುದಾ?

ಪ್ರಶ್ನೆ: ನಾವು ಬೆಳಗಾವಿಯ ವಡಗಾವಿಯಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಊರಿನ ಮಾಸ್ಟರ್ ಪ್ಲಾನ್, ಅಂದರೆ ಯಾವ ಜಾಗ ಯಾತಕ್ಕೆ ಅಂತ ಹೇಳುವ ನಕ್ಷೆ, ಅದರ ಬಗ್ಗೆ ನಾವು ತಕರಾರು ಅರ್ಜಿ ಕೊಡೋಕೆ ಬರುತ್ತದಾ?

ಬರುತ್ತದೆ. ಶಹಾಪುರದವರೂ ಕೇಳಿದ್ದಾರೆ, ಖಾಸಬಾಗದವರೂ ಕೇಳಿದ್ದಾರೆ, ಎಲ್ಲರಿಗೂ ಇದನ್ನೇ ಹೇಳಿದ್ದೇನೆ. ಆದರೂ ಮರುವಾರ ಮತ್ತೆ ಅದೇ ಪ್ರಶ್ನೆ. ಹಾಗಾಗಿ ಈ ಸಲ ಬೇರು ಸಮೇತ ಕಿತ್ತು ತೋರಿಸುತ್ತೇನೆ.

"ಉತಾರ ಇದ್ದವರಿಗಷ್ಟೇ ಹಕ್ಕು" ಅನ್ನೋ ಮಾತು ತಪ್ಪು. (ಉತಾರ ಅಂದರೆ ಜಾಗದ ಮಾಲೀಕರ ಹೆಸರಿರುವ ದಾಖಲೆ.) ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನೆ ಕಾಯ್ದೆ, 1961ರ 13ನೇ ಕಲಂ ಓದಿ. ಸರ್ಕಾರ ತಾತ್ಕಾಲಿಕ ಒಪ್ಪಿಗೆ ಕೊಟ್ಟ ಮೇಲೆ ಯೋಜನಾ ಪ್ರಾಧಿಕಾರ, ನಮ್ಮಲ್ಲಿ ಬುಡಾ (ಬೆಳಗಾವಿ ನಗರಾಭಿವೃದ್ಧಿ ಪ್ರಾಧಿಕಾರ), ಪ್ಲಾನ್‌ನ ಕರಡನ್ನು ಪ್ರಕಟಿಸಬೇಕು. 60 ದಿನದೊಳಗೆ ಅಭಿಪ್ರಾಯ ಕೊಡಿ ಅಂತ ಸಾರ್ವಜನಿಕರನ್ನು ಕರೆಯಬೇಕು. ಕಾಯ್ದೆ ಕರೆಯೋದು ಸಾರ್ವಜನಿಕರನ್ನು. ಜಾಗದ ಮಾಲೀಕರನ್ನು ಮಾತ್ರ ಅಂತ ಅಲ್ಲಿಲ್ಲ.

ಮತ್ತೆ ಈ ನಂಬಿಕೆ ಬಂದಿದ್ದೆಲ್ಲಿಂದ? ಭೂಸ್ವಾಧೀನದ ನೋಟಿಸ್‌ನಿಂದ. ರಸ್ತೆಗೋ ಬಡಾವಣೆಗೋ ಹೊಲ ಹೋಗುವಾಗ ನೋಟಿಸ್ ಉತಾರದ ಹೆಸರಿಗೆ ಬರುತ್ತದೆ. ಅದನ್ನು ನೋಡಿದ ಜನ ಎಲ್ಲದಕ್ಕೂ ಹಾಗೇ ಅಂದುಕೊಂಡರು. ಅಲ್ಲೂ ಪೂರ್ತಿ ನಿಜವಲ್ಲ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಬಾಧಿತ ಕುಟುಂಬ ಅಂದರೆ ಹೊಲದ ಒಡೆಯರಷ್ಟೇ ಅಲ್ಲ. 3 ವರ್ಷ ಮೊದಲಿನಿಂದ ಆ ಜಾಗದಲ್ಲೇ ದುಡಿದು ತಿನ್ನುತ್ತಿದ್ದ ಕೂಲಿಕಾರರು, ಗೇಣಿದಾರರೂ ಅದರಲ್ಲಿ ಸೇರುತ್ತಾರೆ. ಹೊಲ ಹೋಗುವ ಕಡೆಯೇ ಹೀಗಿದ್ದರೆ, ಇಡೀ ಊರಿನ ನಕ್ಷೆಗೆ ಉತಾರ ಯಾಕೆ ಬೇಕು?

ನನಗೆ ಬೇಜಾರಾಗೋದು ಇಲ್ಲೇ. ನಾಲಾ ಪಕ್ಕ, ಕಸದ ದಿಬ್ಬದ ಪಕ್ಕ ಇರುವವರು ಜಾಸ್ತಿ ಬಾಡಿಗೆಯವರು. ಹೊಲಸು ನೀರು ಮೊದಲು ನುಗ್ಗೋದು ಅವರ ಮನೆಗೆ. ಅರ್ಜಿ ಬರೆಯದೆ ಸುಮ್ನೆ ಕೂರುವವರೂ ಅವರೇ.

ವಡಗಾವಿಯ ಒಬ್ಬ ನೇಕಾರ ಅಕ್ಕನ ಮನೆಗೆ ಹೋಗಿದ್ದೆ. ಮಗ್ಗದ ಮೋಟಾರ್ ಕೆಳಗೆ ಎರಡು ಸಾಲು ಇಟ್ಟಿಗೆ. ಗೋಡೆಗೆ ಮೊಣಕಾಲೆತ್ತರದಲ್ಲಿ ಕಂದು ಗೆರೆ. "ಹ್ವಾದ ಮಳಿಗಾಲಕ್ಕ ಇಲ್ಲಿತನಕ ಬಂದಿತ್ರಿ ನೀರು. ಆದ್ರ ನಾವು ಬಾಡಿಗಿ ಮಂದಿ, ನಮ್ಮ ಮಾತು ಯಾರು ಕೇಳ್ತಾರ್ರೀ?" ಅಂದರು. ನಕ್ಷೆಯಲ್ಲಿ ನಮ್ಮೂರಿನ ಬಳ್ಳಾರಿ ನಾಲಾ ಒಂದು ಗೆರೆ ಅಷ್ಟೇ. ಮಳೆ ಜೋರಾದರೆ ಅದು ಎಷ್ಟು ಅಗಲ ಆಗುತ್ತದೆ ಅನ್ನೋದು ಆ ಗೋಡೆಗೆ ಗೊತ್ತು, ಅಕ್ಕನಿಗೆ ಗೊತ್ತು. ಅರ್ಜಿಯಲ್ಲಿ ಬರೆಯಬೇಕಾಗಿರೋದೂ ಅದೇ: ಯಾವ ಓಣಿ, ನೀರು ಎಷ್ಟು ಎತ್ತರ ಬಂತು, ಎಷ್ಟು ದಿನ ನಿಂತಿತು. ಕನ್ನಡದಲ್ಲೇ ಬರೆಯಿರಿ. ಬುಡಾ ಕಚೇರಿಗೆ ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಸೀಲು, ಇನ್‌ವರ್ಡ್ ನಂಬರ್ ಹಾಕಿಸಿಕೊಂಡು ಬನ್ನಿ.

ಯಾರೂ ಕೇಳದ ಇನ್ನೊಂದು ವಿಷಯವಿದೆ. ಮಾಸ್ಟರ್ ಪ್ಲಾನ್ ಪರಿಷ್ಕರಣೆ 10 ವರ್ಷಕ್ಕೊಮ್ಮೆ ಬರುವಂಥದ್ದು. ನಡುವಿನ ವರ್ಷಗಳಲ್ಲಿ ನಕ್ಷೆಯ ಹಸಿರು ಹಳದಿಯಾಗೋದು, ಅಂದರೆ ಹೊಲವೋ ಉದ್ಯಾನವೋ ಆಗಿದ್ದ ಜಾಗ ವಸತಿಗೆ ಹೋಗೋದು, ಅದೇ ಕಾಯ್ದೆಯ 14-ಎ ಕಲಂನಿಂದ. ಅದಕ್ಕೂ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಕನಿಷ್ಠ 15 ದಿನ ಆಕ್ಷೇಪಣೆಗೆ ಬಿಡಬೇಕು. ಪ್ರಕಟಣೆ ಸಣ್ಣದು, ಟೆಂಡರ್ ಜಾಹೀರಾತುಗಳ ನಡುವೆ ಕಣ್ಣಿಗೇ ಬೀಳಲ್ಲ. ನಿಮ್ಮ ಓಣಿಯ ಆಚೆ ಈಚೆಯ ಸರ್ವೆ ನಂಬರ್‌ಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಪ್ರಕಟಣೆ ಬಂದಾಗ ತಾಳೆ ನೋಡಬಹುದು. ಆ ಅಕ್ಕ ಬರೆದು ಮಗ್ಗದ ಮೇಲಿನ ಮೊಳೆಗೆ ಸಿಕ್ಕಿಸಿದ್ದಾರೆ. ಪೇಪರ್ ಓದಿ ಹೇಳೋ ಕೆಲಸ ಮಗಳದ್ದು.