ಎರೆಹೊಲದ ಹತ್ತಿಗೆ ದರ ಕಟ್ಟುವವರು ಯಾರು?

ಜಾಗತೀಕರಣ 1991ರಲ್ಲಿ ಬಂತು ಅಂತ ಹೇಳುವುದು ರೂಢಿ. ಬಳ್ಳಾರಿ, ರಾಯಚೂರಿನ ಎರೆಹೊಲಗಳಿಗೆ ಮಾತ್ರ ಅದು ಹತ್ತಿಯ ಜೊತೆ ಬಂದು 160 ವರ್ಷ ದಾಟಿತು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಅಲ್ಲಿ ಗುಲಾಮರು ಬೆಳೆಯುತ್ತಿದ್ದ ಹತ್ತಿಯ ಮೇಲೇ ಇಂಗ್ಲೆಂಡಿನ ಗಿರಣಿಗಳು ನಡೆಯುತ್ತಿದ್ದವು. ಆ ಹತ್ತಿ ನಿಂತಾಗ ಗಿರಣಿ ಮಾಲೀಕರು ನಮ್ಮ ಕಡೆ ತಿರುಗಿದರು. ಧಾರವಾಡ, ಬಳ್ಳಾರಿ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರು ಸೇರುತ್ತಿತ್ತು, ಅಲ್ಲಿಂದ ಹಡಗು ಹತ್ತುತ್ತಿತ್ತು. ದರ ಗಗನಕ್ಕೇರಿತು. 1865ರಲ್ಲಿ ಯುದ್ಧ ಮುಗಿಯಿತು, ದರ ನೆಲಕಚ್ಚಿತು. ಆ ದರ ನಂಬಿ ಹತ್ತಿ ಹಾಕಿದ ರೈತ ಕೈ ಸುಟ್ಟುಕೊಂಡ. ಯುದ್ಧ ಯಾರದ್ದೋ, ನಷ್ಟ ಯಾರದ್ದೋ.

1871ರಲ್ಲಿ ಮುಂಬಯಿ ಕಡೆಯ ರೈಲು ಹಳಿ ಮತ್ತು ಮದ್ರಾಸ್ ಕಡೆಯ ಹಳಿ ರಾಯಚೂರಿನಲ್ಲಿ ಕೂಡಿದವು. ಹತ್ತಿಗೆ ಬಂದರಿನ ದಾರಿ ಸಲೀಸಾಯಿತು. ಐದೇ ವರ್ಷಕ್ಕೆ, 1876ರಲ್ಲಿ ದೊಡ್ಡ ಬರ ಬಿತ್ತು. ಮದ್ರಾಸ್ ಪ್ರಾಂತ್ಯದಲ್ಲಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಜನ ಹಸಿವಿನಿಂದ ಸಾಯುತ್ತಿದ್ದ ಆ ವರ್ಷಗಳಲ್ಲೂ ದೇಶದಿಂದ ಇಂಗ್ಲೆಂಡಿಗೆ ಗೋಧಿ ಹೋಗುತ್ತಲೇ ಇತ್ತು. ಇದನ್ನು ಓದುವಾಗ ಈಗಲೂ ಹೊಟ್ಟೆ ಉರಿಯುತ್ತದೆ.

ಆಮೇಲಿನ ದೊಡ್ಡ ತಿರುವು ಬೀಜದ್ದು. 1998ರ ಕೊನೆಯಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತಸಂಘದವರು ರಾಯಚೂರು, ಬಳ್ಳಾರಿ ಜಿಲ್ಲೆಗಳಲ್ಲಿ ಬಿಟಿ ಹತ್ತಿಯ, ಅಂದರೆ ಹುಳು ತಡೆಯುವ ಗುಣವನ್ನು ಬೀಜದಲ್ಲೇ ಸೇರಿಸಿದ ಕುಲಾಂತರಿ ಹತ್ತಿಯ, ಪ್ರಯೋಗದ ಬೆಳೆ ಕಿತ್ತು ಸುಟ್ಟರು. ಆ ಬೀಜದ ಹಿಂದಿದ್ದ ಅಮೆರಿಕದ ಕಂಪನಿ ಮಾನ್ಸಾಂಟೊದ ಹೆಸರು ಪ್ರಪಂಚದ ಪತ್ರಿಕೆಗಳಲ್ಲಿ ನಮ್ಮ ಹಳ್ಳಿಗಳ ಜೊತೆ ಬಂತು. 2002ರ ಮಾರ್ಚ್‌ನಲ್ಲಿ ಸರ್ಕಾರವೇ ಬಿಟಿ ಹತ್ತಿಗೆ ಒಪ್ಪಿಗೆ ಕೊಟ್ಟಿತು. ಮೊದಮೊದಲು 450 ಗ್ರಾಂ ಬೀಜದ ಪೊಟ್ಟಣಕ್ಕೆ 1,600 ರೂಪಾಯಿ ಆಸುಪಾಸು ಇತ್ತು. 2006ರಲ್ಲಿ ಆಂಧ್ರ ಸರ್ಕಾರ ಕೇಸು ಹಾಕಿ ಜಗ್ಗಿದ ಮೇಲೆ ಅದು 750ಕ್ಕೆ ಇಳಿಯಿತು. ಅಂದರೆ ಅಷ್ಟಕ್ಕೂ ಕೊಡಲು ಸಾಧ್ಯವಿತ್ತು, ಅಲ್ವಾ?

ಬಿಟಿ ಬಂದಾಗ ಕಾಯಿಕೊರಕ ಹುಳು ಕಡಿಮೆಯಾಯಿತು, ಇಳುವರಿ ಏರಿತು, ಇದು ಸುಳ್ಳಲ್ಲ. ಆದರೆ ಬೀಜ ಮನೆಯ ಸ್ವತ್ತಾಗಿ ಉಳಿಯಲಿಲ್ಲ. ಹೈಬ್ರಿಡ್ ಆದ್ದರಿಂದ ಪ್ರತಿವರ್ಷ ಅಂಗಡಿಯ ಮುಂದೆ ನಿಲ್ಲಲೇಬೇಕು. ಹತ್ತಿಯ ಆಸೆಗೆ ಜೋಳದ ಹೊಲ ಕರಗಿತು. ಜೋಳ ಹೋದ ಮೇಲೆ ದನದ ಮೇವಿನ ಸೊಪ್ಪೆ ಇಲ್ಲ, ಸೊಪ್ಪೆ ಇಲ್ಲದ ಮೇಲೆ ಎತ್ತು ಕಟ್ಟುವುದು ಕಷ್ಟ. ಸಾಲಿನ ನಡುವೆ ತೊಗರಿ, ಅಲಸಂದಿ ಹಾಕುತ್ತಿದ್ದ ಅಕ್ಕಡಿಯೂ ಕಡಿಮೆಯಾಯಿತು. ಸ್ವಂತ ಹೊಲ ಇದ್ದೂ ರೊಟ್ಟಿಯ ಜೋಳವನ್ನು ಅಂಗಡಿಯಿಂದ ತರುವ ಮನೆಗಳಿವೆ. ಸಂಸ್ಕೃತಿ ಬದಲಾಯಿತು ಅಂತ ಪೇಟೆಯ ಪಿಜ್ಜಾ ಅಂಗಡಿ ತೋರಿಸುವವರು ಈ ಅಡುಗೆಮನೆಗಳನ್ನೂ ಒಮ್ಮೆ ನೋಡಬೇಕು. 2015ರ ಹೊತ್ತಿಗೆ ಗುಲಾಬಿ ಕಾಯಿಕೊರಕ ಬಿಟಿಯನ್ನೂ ಅರಗಿಸಿಕೊಂಡು ವಾಪಸ್ಸು ಬಂತು. ಔಷಧಿ ಡಬ್ಬಿಗಳೂ ಹೊಲಕ್ಕೆ ವಾಪಸ್ಸಾದವು.

ದರದ ಕಥೆ ನೋಡಬೇಕಾದರೆ ರಾಯಚೂರಿನ ಮಾರುಕಟ್ಟೆ ರಾಜೇಂದ್ರ ಗಂಜ್‌ಗೆ ಹೋಗಬೇಕು. ಖರೀದಿದಾರ ರಾಶಿಯೊಳಗೆ ಮೊಣಕೈವರೆಗೆ ಕೈ ಹಾಕಿ ಒಳಗಿನ ಹತ್ತಿ ತೆಗೆಯುತ್ತಾನೆ. ಅಂಗೈಯಲ್ಲಿ ಹಿಂಡಿ ತೇವ ನೋಡುತ್ತಾನೆ. ಎರಡೂ ಕೈಯ ಹೆಬ್ಬೆರಳು, ತೋರುಬೆರಳ ನಡುವೆ ಚಿಟಿಕೆ ಅರಳೆ ಹಿಡಿದು ಮೆಲ್ಲಗೆ ಎಳೆದು, ಎಳೆಯ ಉದ್ದ ಅಳೆಯುತ್ತಾನೆ. ಇಷ್ಟು ಕಣ್ಣಿಗೆ ಕಾಣುತ್ತದೆ. ಕಾಣದೇ ಇರುವುದು ಮುಂದಿನ ತಿಂಗಳುಗಳ ಹತ್ತಿಗೆ ಇವತ್ತೇ ದರ ಕಟ್ಟುವ ನ್ಯೂಯಾರ್ಕಿನ ವಾಯಿದಾ ಪೇಟೆ. 2011ರ ಮಾರ್ಚ್‌ನಲ್ಲಿ ಅಲ್ಲಿ ಹತ್ತಿ ಪೌಂಡಿಗೆ 2 ಡಾಲರ್ ದಾಟಿತ್ತು, ಆ ವರ್ಷ ಮುಗಿಯುವುದರೊಳಗೆ ಅರ್ಧಕ್ಕಿಂತ ಕೆಳಗೆ ಬಿತ್ತು. ಮರುವರ್ಷದ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ರಫ್ತನ್ನೇ ದಿಢೀರ್ ನಿಲ್ಲಿಸಿ, ಕೆಲವೇ ದಿನಕ್ಕೆ ಆ ಆದೇಶ ಹಿಂದೆ ಪಡೆಯಿತು. 2022ರಲ್ಲಿ ನಮ್ಮ ಪೇಟೆಯಲ್ಲಿ ಹತ್ತಿ ದರ ಕ್ವಿಂಟಲ್‌ಗೆ 10,000 ರೂಪಾಯಿ ಮೀರಿತು. ಆದರೆ ದರ ಆ ಮಟ್ಟ ಮುಟ್ಟುವಾಗ ಬಹುಪಾಲು ಸಣ್ಣ ರೈತರು ಮಾಲು ಮಾರಿಯಾಗಿರುತ್ತದೆ. ಅಡತಿಯ, ಅಂದರೆ ಮಾಲು ಮಾರಿಸುವ ದಲಾಲಿಯ, ಸಾಲ ಕಾಯುವುದಿಲ್ಲ.

ಅತ್ತ ಅಮೆರಿಕ ತನ್ನ ಹತ್ತಿ ಬೆಳೆಗಾರರಿಗೆ ಕೊಡುವ ಸಬ್ಸಿಡಿ ತಪ್ಪು ಅಂತ ಬ್ರೆಜಿಲ್ ವಿಶ್ವ ವ್ಯಾಪಾರ ಸಂಸ್ಥೆಗೆ 2002ರಲ್ಲಿ ದೂರು ಕೊಟ್ಟು ಗೆದ್ದಿತು. ತೀರ್ಪು ಬಂದರೂ ಅಮೆರಿಕದ ನೆರವು ಬೇರೆ ಬೇರೆ ಹೆಸರಲ್ಲಿ ನಡೆದೇ ಇದೆ.

2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಬಹುಪಾಲು ಸರಕಿನ ಮೇಲೆ 50% ಸುಂಕ ಹಾಕಿತು. ಅದೇ ತಿಂಗಳು 19ರಿಂದ ಕೇಂದ್ರ ಸರ್ಕಾರ ಹತ್ತಿಯ ಮೇಲಿನ 11% ಆಮದು ಸುಂಕ ತೆಗೆಯಿತು, ಮೊದಲು ಸೆಪ್ಟೆಂಬರ್‌ವರೆಗೆ, ಆಮೇಲೆ ಡಿಸೆಂಬರ್ 31ರವರೆಗೆ. ಬಟ್ಟೆ ಗಿರಣಿಗಳನ್ನು ಉಳಿಸಲು ಹೀಗೆ ಮಾಡಿದ್ದು. ಗಿರಣಿ ಕಾರ್ಮಿಕರ ಕೆಲಸವೂ ಉಳಿಯಬೇಕು, ಒಪ್ಪೋಣ. ಆದರೆ ದೇವದುರ್ಗ, ಮಾನ್ವಿ, ಸಿಂಧನೂರು ಕಡೆ ಹತ್ತಿ ಬಿಡಿಸಿ ಗಂಜ್‌ಗೆ ತರುವುದು ಹೆಚ್ಚಾಗಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಹೊರಗಿನ ಹತ್ತಿ ಸುಂಕವಿಲ್ಲದೆ ಒಳಬಂದದ್ದೂ ಅದೇ ಹೊತ್ತಿಗೆ. 2025-26ರಲ್ಲಿ ಉದ್ದ ಎಳೆಯ ಹತ್ತಿಗೆ ಕ್ವಿಂಟಲ್‌ಗೆ 8,110 ರೂಪಾಯಿ ಬೆಂಬಲ ಬೆಲೆ ಇತ್ತು ನಿಜ. ಅದು ಸಿಗಬೇಕಾದರೆ ಮೊಬೈಲ್ ಆ್ಯಪ್‌ನಲ್ಲಿ ಹೆಸರು ನೋಂದಾಯಿಸಬೇಕಿತ್ತು, ತೇವ 12% ಮೀರಬಾರದಿತ್ತು. ಸುಂಕ ತೆಗೆಯುವುದೇ ಆದರೆ ಮೇ ತಿಂಗಳಲ್ಲಿ ಹೇಳಲಿ. ಆಗ ಬೀಜದ ಪೊಟ್ಟಣ ಕೊಳ್ಳುವ ಮುಂಚೆ, ಈ ಸಲ ಹತ್ತಿಯೋ ತೊಗರಿಯೋ ಅಂತ ರೈತ ಲೆಕ್ಕ ಹಾಕಿಕೊಳ್ಳಬಹುದು.