ಪದ ಪರಿಚಯ: 'ಎಂ.ಟಿ. ಲೆಫ್ಟಿನೆಂಟ್ ರಾಮ ರಾಘೋಬ ರಾಣೆ, ಪಿವಿಸಿ'

ಕಾರವಾರದ ಟ್ಯಾಗೋರ್ ಕಡಲತೀರಕ್ಕೆ ಹೋದವರು ಅಲ್ಲಿರುವ ಐಎನ್ಎಸ್ ಚಪಲ್ ಯುದ್ಧನೌಕೆಯ ಮುಂದೆ ಫೋಟೊ ತೆಗೆಸಿಕೊಳ್ಳದೆ ಬರುವುದಿಲ್ಲ. ಹತ್ತಿರದಲ್ಲೇ ಒಬ್ಬ ಯೋಧರ ಪ್ರತಿಮೆಯೂ ಇದೆ. ಅವರೇ ರಾಮ ರಾಘೋಬ ರಾಣೆ. ಹುಟ್ಟಿದ್ದು 1918ರಲ್ಲಿ, ಕಾರವಾರದ ಪಕ್ಕದ ಚೆಂಡಿಯಾದಲ್ಲಿ. ಇವರ ಹೆಸರು ಹೊತ್ತ ಹಡಗೊಂದು 25 ವರ್ಷ ಕಡಲಿನಲ್ಲಿ ಓಡಾಡಿತ್ತು. ಅದರ ಪೂರ್ತಿ ಹೆಸರೇ ಮೇಲೆ ಬರೆದಿರುವುದು. ಒಂದೊಂದೇ ಪದ ಬಿಡಿಸಿ ನೋಡೋಣ.

ಎಂ.ಟಿ. ಅಂದರೆ ಮೋಟರ್ ಟ್ಯಾಂಕರ್. ಡೀಸೆಲ್ ಎಂಜಿನ್‌ನಿಂದ ಓಡುವ, ಎಣ್ಣೆಯಂಥ ಸರಕು ಸಾಗಿಸುವ ಹಡಗು. ಬೇರೆ ಸರಕು ಹಡಗಾದರೆ ಸಾಮಾನ್ಯವಾಗಿ ಎಂ.ವಿ., ಹಳೇ ಕಾಲದ ಉಗಿ ಹಡಗಾದರೆ ಎಸ್.ಎಸ್. ನಮ್ಮ ನೌಕಾಪಡೆಯದಾದರೆ ಐಎನ್ಎಸ್. ಅಮೆರಿಕದಲ್ಲಿ ಇನ್ನೊಂದು ಬಗೆ ಇದೆ. ಹಡಗು ನೌಕಾಪಡೆಯದ್ದೇ, ಆದರೆ ನಡೆಸುವವರು ನಾಗರಿಕ ಸಿಬ್ಬಂದಿ. ಅಂಥದಕ್ಕೆ ಯುಎಸ್ಎನ್ಎಸ್ ಅನ್ನುತ್ತಾರೆ. ಮೊದಲ ಮಹಾಯುದ್ಧದಲ್ಲಿ ಮಡಿದು, ಅಮೆರಿಕದ ಅತ್ಯುನ್ನತ ಶೌರ್ಯ ಪದಕವಾದ ಮೆಡಲ್ ಆಫ್ ಆನರ್ ಪಡೆದ ಸಾರ್ಜೆಂಟ್ ಮಾಟೆಯ್ ಕೊಚಾಕ್ ಹೆಸರಿನ ಸರಕು ಹಡಗು ಈ ಸಾಲಿನಲ್ಲಿತ್ತು.

ಹೆಸರಿನ ಕೊನೆಗಿರುವ ಪಿವಿಸಿ ಅಂದರೆ ಪರಮವೀರ ಚಕ್ರ. 1980ರ ದಶಕದಲ್ಲಿ ಶಿಪ್ಪಿಂಗ್ ಕಾರ್ಪೊರೇಶನ್ ಆಫ್ ಇಂಡಿಯಾ ತನ್ನ 15 ಕಚ್ಚಾತೈಲ ಟ್ಯಾಂಕರ್‌ಗಳಿಗೆ ಪರಮವೀರರ ಹೆಸರಿಟ್ಟಿತು. ಆಗ ಆ ಪದಕ ಪಡೆದವರು ಇದ್ದದ್ದೇ 15 ಮಂದಿ. ಒಬ್ಬರನ್ನೂ ಬಿಟ್ಟಿರಲಿಲ್ಲ. ರಾಣೆಯವರ ಹೆಸರಿನ ಹಡಗು 1984ರ ಆಗಸ್ಟ್ 8ರಂದು ಸಂಸ್ಥೆಯ ಕೈಸೇರಿತು. ಆಗ ಅವರಿಗೆ 66 ವರ್ಷ. ಸಾಮಾನ್ಯವಾಗಿ ತೀರಿಹೋದವರ ಹೆಸರನ್ನು ಹಡಗಿಗೆ ಇಡುವುದು ಜಾಸ್ತಿ, ಅಲ್ವಾ? ಇಲ್ಲಿ ಅವರು ಇನ್ನೂ ನಮ್ಮ ನಡುವೆ ಇರುವಾಗಲೇ ಅವರ ಹೆಸರಿನ ಹಡಗು ಎಣ್ಣೆ ಹೊತ್ತು ಓಡಾಡುತ್ತಿತ್ತು. ಇದನ್ನು ನೆನೆದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ನಡುವಿನ 'ಲೆಫ್ಟಿನೆಂಟ್' ಅನ್ನುವ ಪದದಲ್ಲೇ ಇಡೀ ಕಥೆ ಇದೆ. ರಾಣೆ ಮೇಜರ್ ಆಗಿ ನಿವೃತ್ತರಾದವರು. ಆದರೆ ಹಡಗಿನ ಮೇಲಿದ್ದದ್ದು 1948ರ ಏಪ್ರಿಲ್‌ನಲ್ಲಿ ಅವರು ಇದ್ದ ಹುದ್ದೆ. ಆಗಿನ್ನೂ ಸೆಕೆಂಡ್ ಲೆಫ್ಟಿನೆಂಟ್, ಅಧಿಕಾರಿಯಾಗಿ ನಾಲ್ಕೇ ತಿಂಗಳು. ಪಾಕಿಸ್ತಾನದ ಜೊತೆಗಿನ ಮೊದಲ ಯುದ್ಧದ ಕಾಲ. ಜಮ್ಮುವಿನ ನೌಶೇರಾದಿಂದ ರಜೌರಿಗೆ ನಮ್ಮ ಸೇನೆ ಹೊರಟಿತ್ತು. ದಾರಿಯುದ್ದಕ್ಕೂ ನೆಲಬಾಂಬ್, ಕಡಿದು ಅಡ್ಡ ಹಾಕಿದ ಮರಗಳು. ದಾರಿ ಬಿಡಿಸುವ ಕೆಲಸ ಸ್ಯಾಪರ್‌ಗಳದು, ಅಂದರೆ ಸೇನೆಯ ಎಂಜಿನಿಯರ್‌ಗಳದು. ಏಪ್ರಿಲ್ 8ರಂದು ಕೆಲಸ ಶುರುವಾಗುತ್ತಿದ್ದಂತೆ ಮೇಲಿಂದ ಮಾರ್ಟರ್ ಗುಂಡುಗಳು ಬಿದ್ದವು. ಇಬ್ಬರು ಸತ್ತರು. ಐವರಿಗೆ ಗಾಯವಾಯಿತು. ಆ ಐವರಲ್ಲಿ ರಾಣೆಯವರೂ ಒಬ್ಬರು. ಆದರೂ ಅವರು ಹಿಂದೆ ಬರಲಿಲ್ಲ. ಟ್ಯಾಂಕಿನ ಅಡಿಯಲ್ಲಿ ತೆವಳುತ್ತಾ, ನೆಲಬಾಂಬ್ ತೆಗೆಯುತ್ತಾ ಸಾಗಿದರು. ಮುಂದೆ ಹೋಗು, ನಿಲ್ಲು ಅಂತ ಚಾಲಕನಿಗೆ ಹಗ್ಗ ಎಳೆದು ಸನ್ನೆ ಮಾಡುತ್ತಿದ್ದರು. ಮೇಲೆ ಟ್ಯಾಂಕಿನ ಹೊಟ್ಟೆ, ಕೆಳಗೆ ಬಾಂಬ್ ಹುದುಗಿಸಿದ ಮಣ್ಣು, ಕೈಯಲ್ಲಿ ಹಗ್ಗ. ಏಪ್ರಿಲ್ 12ರ ಹೊತ್ತಿಗೆ ಸೇನೆ ರಜೌರಿ ಸೇರಿತ್ತು. ಪರಮವೀರ ಚಕ್ರವನ್ನು ಬದುಕಿರುವಾಗಲೇ ಪಡೆದವರಲ್ಲಿ ರಾಣೆಯವರೇ ಮೊದಲಿಗರು.

ಇಷ್ಟು ದೊಡ್ಡವರ ಹೆಸರನ್ನು ಯುದ್ಧನೌಕೆಗೆ ಇಡದೆ ಎಣ್ಣೆ ಹಡಗಿಗೆ ಯಾಕೆ ಇಟ್ಟರು ಎಂದು ಕೆಲವರು ಕೇಳಬಹುದು. ಇದರಲ್ಲಿ ನನಗೆ ಏನೂ ಕೊರತೆ ಕಾಣುವುದಿಲ್ಲ. ರಾಣೆಯವರ ಸಾಹಸ ಎಷ್ಟು ಜನರನ್ನು ಕೊಂದರು ಅನ್ನುವ ಲೆಕ್ಕದ್ದಲ್ಲ. ಹಿಂದೆ ಬರುವವರು ದಾಟಲಿ ಅಂತ ದಾರಿ ಮಾಡಿಕೊಟ್ಟದ್ದು. ಬಂದರಿನಿಂದ ಬಂದರಿಗೆ ದೇಶಕ್ಕೆ ಬೇಕಾದ ಸರಕು ತಲುಪಿಸುವ ಹಡಗಿಗೆ ಆ ಹೆಸರು ಚೆನ್ನಾಗಿಯೇ ಒಪ್ಪುತ್ತದೆ.

ರಾಣೆಯವರು 1994ರಲ್ಲಿ ಪುಣೆಯಲ್ಲಿ ತೀರಿಕೊಂಡರು. ಅವರ ನಂತರವೂ ಹಡಗು ಸುಮಾರು ಒಂದೂವರೆ ದಶಕ ದುಡಿಯಿತು. 25 ವರ್ಷದ ಸೇವೆ ಮುಗಿಸಿ ಅದೂ ನಿವೃತ್ತಿಯಾಯಿತು. 2023ರ ಜನವರಿಯಲ್ಲಿ ಅಂಡಮಾನ್ ನಿಕೋಬಾರ್‌ನ 21 ದ್ವೀಪಗಳಿಗೆ ಪರಮವೀರರ ಹೆಸರಿಟ್ಟರು. ಅವುಗಳಲ್ಲಿ ಒಂದು, ಚೆಂಡಿಯಾದ ಈ ರಾಣೆಯವರದು.